ಮುಂಬಾಗಿಲು, ಪ್ಯಾಸೇಜಿಗೆ ಸ್ಪಾಟ್‌ಲೈಟ್: ಎಷ್ಟು ಬೇಕು, ಎಲ್ಲಿ ಬೇಕು?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂಬಾಗಿಲಿನಿಂದ ಒಳಗೆ 18 ಅಡಿ ಉದ್ದ, 4 ಅಡಿ ಅಗಲದ ಪ್ಯಾಸೇಜ್ ಇದೆ. ಪಿಒಪಿ ಸೀಲಿಂಗ್ ಆದ ಮೇಲೆ ಎತ್ತರ ಒಂಬತ್ತೂವರೆ ಅಡಿ. ಸೀಲಿಂಗ್‌ನವರು 12 ವಾಟ್‌ನ ಎಂಟು ಲೈಟಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಹೋಗಿದ್ದಾರೆ, ನಾಳಿದ್ದು ಕೊರೆಯುತ್ತಾರೆ. “ಬೆಳಕು ಹೆಚ್ಚಾದರೆ ಯಾರಿಗೇನು ನಷ್ಟ” ಎನ್ನುತ್ತಾರೆ ನಮ್ಮ ಯಜಮಾನರು. ಇಷ್ಟು ಬೇಕೇ?

ಉತ್ತರ: ಬೇಡ ಅಕ್ಕ. ಮೊದಲು ಕೊರೆಯುವುದನ್ನು ತಡೆಯಿರಿ. ಎಂಟು ಹಾಕಿದರೆ ಅದು ಆಪರೇಷನ್ ಥಿಯೇಟರ್ ಆಗುತ್ತದೆ. ನಡೆದಾಡುವ ಜಾಗಕ್ಕೆ 100 ಲಕ್ಸ್ ಬೆಳಕು ಧಾರಾಳ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ನಿಮ್ಮ ಅಳತೆಗೆ 6 ಅಥವಾ 7 ವಾಟ್‌ನ ನಾಲ್ಕು ಲೈಟ್ ಸಾಕು. ಎರಡೂ ತುದಿಯ ಗೋಡೆಯಿಂದ ಎರಡೂಕಾಲು ಅಡಿ ಬಿಟ್ಟು, ನಡುವೆ ನಾಲ್ಕೂವರೆ ಅಡಿಗೊಂದರಂತೆ ಗುರುತು ಹಾಕಿಸಿ.

ವಾಟ್ ಎಲ್ಲರೂ ಕೇಳುತ್ತಾರೆ, ಬೆಳಕು ಹರಡುವ ಕೋನವನ್ನು ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ಸುಮ್ಮನೆ ಸ್ಪಾಟ್‌ಲೈಟ್ ಎಂದರೆ ಕೈಗೆ ಸಿಗುವುದು ಸಾಮಾನ್ಯವಾಗಿ 36 ಡಿಗ್ರಿಯದು. ನಿಮ್ಮ ಎತ್ತರದಿಂದ ಅದರ ಬೆಳಕು ನೆಲದ ಮೇಲೆ ಆರಡಿ ಹರಡುತ್ತದೆ, ಆದರೆ ಮುಖದ ಎತ್ತರದಲ್ಲಿ ಮೂರಡಿ ಮಾತ್ರ. ಹಾಗಾಗಿ ಎದುರಿಗೆ ಬರುವವರ ಮುಖ ಒಮ್ಮೆ ಬೆಳಗಿ ಒಮ್ಮೆ ಕಪ್ಪಾಗುತ್ತದೆ. 60 ಡಿಗ್ರಿಯದನ್ನು ಕೇಳಿ ತನ್ನಿ, ಮುಖದ ಮಟ್ಟದಲ್ಲೂ ಒಂದರ ಬೆಳಕು ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ. ದೀಪ ಒಳಗೆ ಸ್ವಲ್ಪ ಆಳಕ್ಕೆ ಕುಳಿತಿರುವ ಮಾದರಿಯಾದರೆ ಕಣ್ಣು ಕುಕ್ಕುವುದಿಲ್ಲ.

ಲೈಟುಗಳನ್ನು ಗೋಡೆಗೆ ಒತ್ತಿ ಹಾಕಿಸಬೇಡಿ. ಗೋಡೆಯಿಂದ ಒಂದಡಿಯೊಳಗೆ ಬಂದರೆ ಪುಟ್ಟಿಯ ಏರಿಳಿತ, ಪಟ್ಟಿ ಎಳೆದ ಗೆರೆ ಎಲ್ಲವೂ ನೆರಳು ಬಿದ್ದು ಎದ್ದು ಕಾಣುತ್ತವೆ. ಹಗಲಿನಲ್ಲಿ ಕನ್ನಡಿಯಂತಿದ್ದ ಗೋಡೆ ರಾತ್ರಿ ಉತ್ತ ಹೊಲದಂತೆ ಕಂಡು, ಬಣ್ಣ ಬಳಿದವನ ಮೇಲೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಪಾಪ, ತಪ್ಪು ಲೈಟಿನದು.

ಪ್ರಶ್ನೆ: ತುಂಬಾ ಉಪಕಾರವಾಯಿತು ಸರ್. ಹಾಗಾದರೆ ಬಾಗಿಲ ಹೊರಗೆ? ಪ್ಯಾಸೇಜಿನ ಗೋಡೆಗೆ ನಮ್ಮ ಅತ್ತೆ, ಮಾವನವರ ಫೋಟೊ ಹಾಕುವುದಿದೆ. ಅದಕ್ಕೂ ಬೇರೆ ಬೇಕೇ?

ಉತ್ತರ: ಹೊರಗೆ ಎಲ್ಲರೂ ಮಾಡುವುದು ಒಂದೇ ತಪ್ಪು. ಪೋರ್ಟಿಕೊದ ನಟ್ಟನಡುವೆ ಒಂದು ಲೈಟ್ ಹಾಕುತ್ತಾರೆ. ಬೀಗ ತೆಗೆಯಲು ನಿಂತಾಗ ಅದು ಬೆನ್ನ ಹಿಂದಾಗುತ್ತದೆ, ನಮ್ಮ ನೆರಳು ಬೀಗದ ಮೇಲೆಯೇ ಬೀಳುತ್ತದೆ. ಕೈಯಲ್ಲಿ ತರಕಾರಿ ಚೀಲ ಬೇರೆ, ಕೀಲಿಯ ತೂತು ಸಿಗುವುದಿಲ್ಲ. ಬಾಗಿಲಿನಿಂದ ಒಂದು, ಒಂದೂವರೆ ಅಡಿ ದೂರದಲ್ಲಿ ಹಾಕಿ. ಬೀಗವೂ ಕಾಣುತ್ತದೆ, ಹೊಸ್ತಿಲ ರಂಗೋಲಿಯೂ ಕಾಣುತ್ತದೆ. ಮಳೆ ಎರಚುವ ಜಾಗವಾದ್ದರಿಂದ ಐಪಿ65 ಎಂದು ಬರೆದಿರುವುದೇ ಇರಲಿ, ಅಂದರೆ ದೂಳು, ಎರಚುವ ನೀರು ಒಳಹೋಗದ ಮಾದರಿ. ಬಣ್ಣ 3000 ಕೆಲ್ವಿನ್‌ನ ಹಳದಿ ಛಾಯೆ. ಬಿಳಿ ಬೆಳಕಿಗಿಂತ ಇದಕ್ಕೆ ಹುಳು ಕಡಿಮೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆಯ ಗೆದ್ದಲು ಎದ್ದ ಸಂಜೆ ಇದರ ಬೆಲೆ ತಿಳಿಯುತ್ತದೆ.

ಫೋಟೊಗೆ ಒಂದು ತಿರುಗಿಸುವ ಲೈಟ್ ಬೇಕು, 24 ಡಿಗ್ರಿಯದು. ಗೋಡೆಯಿಂದ ಸುಮಾರು ಎರಡೂಕಾಲು ಅಡಿಯಲ್ಲಿಟ್ಟು ಫೋಟೊದ ಕಡೆಗೆ 30 ಡಿಗ್ರಿಯಷ್ಟು ವಾಲಿಸಿ. ಹೆಚ್ಚು ವಾಲಿಸಿದರೆ ಗಾಜಿನಲ್ಲಿ ದೀಪವೇ ಹೊಳೆದು ಮಾವನವರ ಮುಖ ಕಾಣುವುದಿಲ್ಲ.

ಇನ್ನು ಸ್ವಿಚ್ಚು. ಪ್ಯಾಸೇಜಿನ ಎರಡೂ ತುದಿಗೆ ಟೂ ವೇ ಸ್ವಿಚ್ ಹಾಕಿಸಿ, ಒಂದು ತುದಿಯಲ್ಲಿ ಹಾಕಿದ್ದನ್ನು ಇನ್ನೊಂದು ತುದಿಯಲ್ಲಿ ಆರಿಸಬಹುದು. ನಾಲ್ಕರಲ್ಲಿ ಒಂದು ಲೈಟಿಗೆ ಬೇರೆ ಸ್ವಿಚ್ ಕೊಟ್ಟು ಇನ್ವರ್ಟರ್ ಲೈನಿಗೆ ಸೇರಿಸಿ. ರಾತ್ರಿ ಬಚ್ಚಲಿಗೆ ಎದ್ದು ಹೋಗುವ ಹಿರಿಯರಿಗೆ ಕತ್ತಲೆಯಲ್ಲಿ ಗೋಡೆ ತಡಕಾಡುವುದು ತಪ್ಪುತ್ತದೆ. ಡ್ರೈವರ್ (ಲೈಟಿಗೆ ಬೇಕಾದಂತೆ ಕರೆಂಟನ್ನು ಬದಲಿಸಿ ಕೊಡುವ ಪುಟ್ಟ ಡಬ್ಬಿ) ಬೇರೆಯಾಗಿರುವ ಮಾದರಿಯನ್ನೇ ತನ್ನಿ, ಅದು ಲೈಟಿನ ರಂಧ್ರದಿಂದಲೇ ಹೊರಬರುವಂತಿರಲಿ. ಮೊದಲು ಕೈಕೊಡುವುದು ಹೆಚ್ಚಾಗಿ ಅದೇ. ಅದಕ್ಕಾಗಿ ಸೀಲಿಂಗ್ ಒಡೆಯುವಂತಾಗಬಾರದು.

ಪ್ರಶ್ನೆ: ಅಣ್ಣಾ, ನಮ್ಮದು ಚಿತ್ರದುರ್ಗದ ಹಳೆಯ ಮಾಳಿಗೆ ಮನೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣು. ಪಡಸಾಲೆಗೆ ಇಂಥದೇ ಲೈಟ್ ಕೂರಿಸಬಹುದೇ?

ಉತ್ತರ: ದಯವಿಟ್ಟು ಬೇಡ ತಮ್ಮಾ. ಲೈಟ್ ಒಳಗೆ ಕೂರಬೇಕಾದರೆ ಮೇಲೆ ಟೊಳ್ಳು ಇರಬೇಕು, ಬಿಸಿ ಹೋಗಲು ಗಾಳಿ ಬೇಕು. ನಿಮ್ಮಲ್ಲಿ ಜಂತೆಯ ಬೆನ್ನಿಗೇ ಮಣ್ಣಿದೆ. ಅದನ್ನು ಕೊರೆದರೆ ಸೋರುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಅಂಥ ಮಾಳಿಗೆಯನ್ನು ಪಿಒಪಿಯಿಂದ ಮುಚ್ಚುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ. ತೊಲೆಯ ಪಕ್ಕಕ್ಕೆ ಕೇಸಿಂಗ್ ಪಟ್ಟಿಯಲ್ಲಿ ವೈರ್ ಎಳೆದು, ಹೊರಗೆ ಕೂರುವ ಕೊಳವೆಯಾಕಾರದ ಎರಡು ಲೈಟ್ ಹಾಕಿ. ಸ್ಕ್ರೂ ಬಿಗಿಯುವ ಮುನ್ನ ತೊಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಲೈಟಿನ ಮಾತು ಆಮೇಲೆ, ಮೊದಲು ಬಡಗಿಯನ್ನು ಕರೆಸಿ.