ದಾವಣಗೆರೆಲಿ ಮೊದಲ ಸೈಟ್ ತಗೊಳ್ಳೋಣ ಅಂತಿದೀನಿ, ಏನೇನು ನೋಡ್ಬೇಕು?

ಹೊಸಬ_ದಾವಣಗೆರೆ:
ನಮಸ್ಕಾರ ಎಲ್ರಿಗೂ. ಏಳು ವರ್ಷ ದುಡಿದು 11 ಲಕ್ಷ ಕೂಡಿಟ್ಟಿದೀನಿ. ಹೈವೇ ದಾಟಿ ಆ ಕಡೆ ಒಂದು 30x40 ಸೈಟ್ ತೋರ್ಸಿದಾರೆ, 18 ಲಕ್ಷ ಅಂತೆ, ಉಳಿದಿದ್ದಕ್ಕೆ ಲೋನ್ ಮಾಡ್ಬೇಕು. ಏಜೆಂಟ್ ಡಿಸಿ ಕನ್ವರ್ಷನ್ ಆಗೈತೆ, ತುಮಕೂರು ರೈಲು ಲೈನ್ ಮುಗಿದ್ರೆ ರೇಟ್ ಎರಡು ಪಟ್ಟು ಆಗುತ್ತೆ, ಭಾನುವಾರದೊಳಗೆ ಒಂದು ಲಕ್ಷ ಅಡ್ವಾನ್ಸ್ ಕೊಡಿ ಅಂತ ದಿನಾ ಫೋನ್ ಮಾಡ್ತಾನೆ. ನಮ್ಮನೇಲಿ ಇದುವರೆಗೂ ಯಾರೂ ಸೈಟ್ ತಗೊಂಡಿಲ್ಲ, ಕೇಳೋಕೆ ಹಿರಿಯರೂ ಇಲ್ಲ. ಕೊಡ್ಲಾ ಬೇಡ್ವಾ?

ವಿದ್ಯಾನಗರ_ಅಕ್ಕ:
ತಮ್ಮಾ, ಭಾನುವಾರ ಅಲ್ಲ, ಪೇಪರ್ ಪೂರ್ತಿ ನೋಡೋವರೆಗೂ ಒಂದು ರೂಪಾಯಿನೂ ಕೊಡ್ಬೇಡ. ನಾವು ಮಾಡಿದ ತಪ್ಪು ಹೇಳ್ತೀನಿ ಕೇಳು. ಮಾರಿದವರು ಅಣ್ಣತಮ್ಮ ಇಬ್ರು ಸೈನ್ ಹಾಕಿದ್ರು, ಅಪ್ಪನ ಕಾಲದ ಜಮೀನು, ಇಬ್ರು ಅಕ್ಕತಂಗೇರು ಇದ್ರು ಅಂತ ನಾವು ಕೇಳ್ಲೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಕಳಿಗೂ ಸಮಪಾಲು, ಅವರು ಪಾಲಿಗೆ ದಾವೆ ಹೂಡಿದ್ರು, ಆರು ವರ್ಷದಿಂದ ಕೋರ್ಟಿಗೆ ಓಡಾಡ್ತಾ ಇದೀವಿ. ಆ ಸೈಟಲ್ಲಿ ಈಗ ಜಾಲಿ ನನ್ನ ಎದೆಮಟ್ಟ ಬೆಳೆದೈತೆ, ಮೂಲೆಕಲ್ಲು ಹುಡುಕಿದ್ರೂ ಸಿಗಲ್ಲ. ವಂಶವೃಕ್ಷ ತರಿಸ್ಕೋ, ಅದ್ರಲ್ಲಿರೋ ಎಲ್ಲರ ಸೈನ್ ಬರುತ್ತಾ ನೋಡು. ವಕೀಲರನ್ನ ನೀನೇ ಹುಡ್ಕು, ಏಜೆಂಟ್ ತೋರ್ಸಿದೋರು ಬೇಡ.

ಪಹಣಿ_ಓದೋನು:
ಡಿಸಿ ಕನ್ವರ್ಷನ್ ಅನ್ನೋದು ಅರ್ಧ ಮಾತು ಅಷ್ಟೇ ಕಣ್ರಿ. ಅದು ಹೊಲನ ಕೃಷಿಯೇತರ ಮಾಡುತ್ತೆ, ಲೇಔಟ್ ಮಾಡೋಕೆ ನಕ್ಷೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಬೇರೆ ಬೇಕು, ಆಮೇಲೆ ಅವರು ಸೈಟ್ ಮಾರೋಕೆ ರಿಲೀಸ್ ಮಾಡ್ಬೇಕು. ಈಗ ಇ-ಖಾತೆ (ಸೈಟ್ ಯಾರ ಹೆಸರಲ್ಲಿದೆ ಅನ್ನೋ ಆನ್‌ಲೈನ್ ದಾಖಲೆ) ಇಲ್ದೆ ಸೈಟ್ ರಿಜಿಸ್ಟರ್ ಆಗಲ್ಲ, "ಆಮೇಲೆ ಮಾಡಿಸ್ಕೊಡ್ತೀವಿ, ಸದ್ಯಕ್ಕೆ ಜಿಪಿಎ" ಅಂದ್ರೆ ಎದ್ದು ಬನ್ನಿ, ಜಿಪಿಎ ಅಂದ್ರೆ ಬರೀ ಅಧಿಕಾರ ಪತ್ರ, ಅದರ ಮೇಲೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಲೇಔಟ್ 500 ಚದರ ಮೀಟರ್‌ಗಿಂತ ದೊಡ್ದಿದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಕೇಳಿ. 30 ವರ್ಷದ ಇಸಿ (ಆಸ್ತಿ ಮೇಲಿನ ಮಾರಾಟ, ಸಾಲ ತೋರ್ಸೋ ಋಣಭಾರ ಪತ್ರ) ತೆಗೀರಿ, ಜೊತೆಗೆ ಕನ್ವರ್ಷನ್‌ಗೆ ಮುಂಚಿನ ಹಳೇ ಪಹಣಿ. ಅದ್ರಲ್ಲಿ ಜಮೀನು ಹೇಗೆ ಬಂತು ಅಂತ ಇರುತ್ತೆ. ದರಖಾಸ್ತು, ಮಂಜೂರು ಅಂತಿದ್ರೆ ಸರ್ಕಾರ ಕೊಟ್ಟ ಜಮೀನು, ಅಲ್ಲೇ ನಿಲ್ಲಿ. ಪರಿಶಿಷ್ಟರಿಗೆ ಕೊಟ್ಟ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗಿಲ್ಲ, ಎಷ್ಟು ಕೈ ಬದಲಾಗಿದ್ರೂ ವಾಪಸ್ ಹೋಗಬಹುದು. ಆ ಕುಟುಂಬಕ್ಕೆ ಬದುಕೋಕೆ ಅಂತ ಕೊಟ್ಟಿದ್ದು ಅದು, ನಾವು ಅದರ ಮೇಲೆ ಮನೆ ಕಟ್ಟೋದೂ ಸರಿಯಲ್ಲ.

ಲೆಕ್ಕದ_ಮೇಷ್ಟ್ರು:
ದುಡ್ಡಿನ ಲೆಕ್ಕ ಯಾರೂ ಹೇಳ್ಲಿಲ್ಲ. 18 ಲಕ್ಷಕ್ಕೆ ಸ್ಟಾಂಪ್ ಡ್ಯೂಟಿ, ಸೆಸ್ಸು, ನೋಂದಣಿ ಶುಲ್ಕ ಎಲ್ಲಾ ಸೇರಿ ಶೇ 7.6 ಅಂದ್ರೆ 1,36,800, 2025ರ ಆಗಸ್ಟ್ ಕೊನೇಲಿ ನೋಂದಣಿ ಶುಲ್ಕನೇ ಶೇ 1ರಿಂದ 2 ಆಯ್ತಲ್ಲ. ಇದಕ್ಕೆ ಬ್ಯಾಂಕ್ ಲೋನ್ ಕೊಡಲ್ಲ, ನಿಮ್ಮ 11 ಲಕ್ಷದಲ್ಲೇ ಹೋಗುತ್ತೆ, ಹಾಗಾಗಿ ಲೋನ್ ಏಳಲ್ಲ, ಎಂಟೂವರೆ ಹತ್ರ. ಏಳೇ ಲಕ್ಷ ಅಂದ್ರೂ ಶೇ 9ಕ್ಕೆ ಹತ್ತು ವರ್ಷ ಇಎಂಐ 8,900 ಹತ್ರ ಬರುತ್ತೆ, ಖಾಲಿ ಸೈಟು ಬಾಡಿಗೆ ಕೊಡಲ್ಲ. ಮನೇಲಿ ಯಾರಿಗಾದ್ರೂ ಹುಷಾರಿಲ್ದೆ ಆದ್ರೆ ಕೈಯಲ್ಲಿ ಏನಿರುತ್ತೆ? ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟು ಉಳಿದಿದ್ದಕ್ಕೆ ಎಷ್ಟು ಬರುತ್ತೋ ಅಷ್ಟರದ್ದು ನೋಡಿ. ರೈಲಿನ ರೇಟ್ ಆಗ್ಲೇ ಆ 18 ಲಕ್ಷದಲ್ಲಿ ಸೇರ್ಸಿಬಿಟ್ಟಿರ್ತಾರೆ. ಇನ್ನೊಂದು, ಭದ್ರಾ ಚಾನಲ್‌ಗೆ ನೀರು ಬಿಟ್ಟಾಗ ಹೋಗಿ ನಿಂತು ನೋಡಿ, ಭತ್ತದ ಗದ್ದೆ ಆಗಿದ್ರೆ ಜೌಗು ಇರುತ್ತೆ, ಎರೆಮಣ್ಣಲ್ಲಿ ಪಾಯಕ್ಕೇ ದುಡ್ಡು ಸುರೀಬೇಕು.

ಹೊಸಬ_ದಾವಣಗೆರೆ:
ಎಲ್ರಿಗೂ ಕೈ ಮುಗೀತೀನಿ. ಇವತ್ತು ಬೆಳಿಗ್ಗೆ ಹೋಗಿದ್ದೆ, ಸುಣ್ಣ ಬಳಿದ ಕಲ್ಲು ಚೆನ್ನಾಗಿ ಕಾಣ್ತವೆ, ಆದ್ರೆ ಆ ಮೂಲೇಲಿ ಕಾಲಿಟ್ರೆ ಚಪ್ಪಲಿ ಮಣ್ಣಲ್ಲೇ ಉಳೀತು, ಪಕ್ಕದ ಗದ್ದೇಲಿ ನೀರು ನಿಂತಿತ್ತು. ಹಳೇ ಪಹಣಿನೂ ತೆಗೆಸ್ದೆ, "ಮಂಜೂರು" ಅಂತ ಐತೆ, ಯಾರಿಗೆ ಅಂತ ಗೊತ್ತಾಗ್ತಿಲ್ಲ. ಮಂಜೂರಾತಿ ಆದೇಶದ ನಕಲು ತಾಲ್ಲೂಕು ಆಫೀಸಲ್ಲೇ ಕೇಳ್ಬೇಕಾ? ಏಜೆಂಟ್ ಆಗಿಂದ ಮೂರು ಸಲ ಫೋನ್ ಮಾಡಿದ, ಆದೇಶ ಕೈಗೆ ಬರ್ಲಿ ಆಮೇಲೆ ಮಾತಾಡೋಣ ಅಂದೆ.

ಪಹಣಿ_ಓದೋನು:
ಹೌದು, ಅಲ್ಲಿನ ರೆಕಾರ್ಡ್ ರೂಮಲ್ಲಿ. ಸರ್ವೆ ನಂಬರ್ ಬರೆದು ಅರ್ಜಿ ಕೊಡಿ, ಮ್ಯುಟೇಶನ್ (ಪಹಣೀಲಿ ಹೆಸರು ಬದಲಾದ ದಾಖಲೆ) ನಕಲೂ ಅದೇ ಅರ್ಜೀಲಿ ಕೇಳಿ.