‘ಓಡುನೀರು’ ಎನ್ನಬಹುದೆ? ‘ನೆಲಹೊದಿಕೆ’ ಸಾಕೆ?

ಗೆಳೆಯರೆ,

ಜಲಾನಯನದ (ಮಳೆನೀರೆಲ್ಲ ಇಳಿದು ಒಂದೇ ಹಳ್ಳ, ಹೊಳೆಗೆ ಸೇರುವ ನೆಲ) ಬಗ್ಗೆ ರೈತರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕೆಲವು ಪದಗಳು ಕಾಡುತ್ತಿವೆ.

ಮೊದಲನೆಯದು ರನ್‌ಆಫ್. ಇಂಗದೆ ನೆಲದ ಮೇಲೇ ಹೋಗಿಬಿಡುವ ಮಳೆನೀರು. ಪಠ್ಯಪುಸ್ತಕದವರು ‘ಮೇಲ್ಮೈ ಹರಿವು’ ಎನ್ನುತ್ತಾರೆ. ಆದರೆ ಹೊಳೆಯದೂ ಹರಿವೇ, ಕಾಲುವೆಯದೂ ಹರಿವೇ. ‘ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು’ ಎಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಅದರಿಂದಲೇ ‘ಓಡುನೀರು’ ಎಂದು ಮಾಡಿಕೊಂಡೆ. ಕುಡಿನೀರು, ಸುಡುಗಾಡು, ಇಂಗುಗುಂಡಿಗಳ ಹಾಗೆ. ತುಳುನಾಡಿನವರಿಗೆ ಓಡು ಎಂದರೆ ಹಂಚು. ಮಾಡಿನಿಂದ ಇಳಿಯುವ ನೀರೆಂದುಕೊಂಡಾರೆಯೆ?

ಎರಡನೆಯದು ಹೆಚ್ಚು ತೊಡಕಿನದು: ನೆಲವನ್ನು ಮುಚ್ಚಿಕೊಂಡಿರುವ ಹುಲ್ಲು, ತರಗು, ಬಳ್ಳಿ. ಗ್ರೌಂಡ್ ಕವರ್‌ಗೆ ‘ಹಸಿರು ಹೊದಿಕೆ’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಓದಿದವರ ಕಣ್ಣಿಗೆ ಬರುವುದು ಮರ. ತೇಗದ ತೋಪನ್ನೇ ನೋಡಿ: ಅಗಲವಾದ ಎಲೆಯಲ್ಲಿ ಕೂಡಿಕೊಂಡ ನೀರು ದಪ್ಪ ಹನಿಯಾಗಿ ಬಿದ್ದು, ಬರಿನೆಲವನ್ನು ಬಯಲಿನ ಮಳೆಗಿಂತ ಜೋರಾಗಿ ಕುಟ್ಟುತ್ತದೆ. ಎದ್ದ ನುಣ್ಣನೆ ಮಣ್ಣು ನೆಲದ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ನೀರು ಓಡದೆ ಏನು ಮಾಡೀತು? ತಡೆಯುವುದು ಕೆಳಗೆ ಬಿದ್ದಿರುವ ತರಗು, ಹುಲ್ಲು.

ನಾನು ಶಿರಸಿ ಕಡೆಯವನು. ಕಳೆದ ಜೂನಿನ ಮೊದಲ ದೊಡ್ಡ ಮಳೆಗೆ, ಸೊಪ್ಪಿನಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ದರಕು (ನಿಮ್ಮಲ್ಲಿ ತರಗು, ತರಗೆಲೆ ಎನ್ನಬಹುದು) ಗುಡಿಸಿ ಒಯ್ದಿದ್ದ ಮಗ್ಗುಲಿನಿಂದ ಇಳಿದ ನೀರನ್ನು ಲೋಟದಲ್ಲಿ ಹಿಡಿದಿಟ್ಟೆ. ಬೆಳಗಾಗುವಷ್ಟರಲ್ಲಿ ಬೆರಳಗಲ ಕೆಮ್ಮಣ್ಣು ತಳ ಸೇರಿತ್ತು. ದರಕು ಹಾಗೇ ಇದ್ದ ಕಡೆಯಿಂದ ನೀರು ಬಂದದ್ದೇ ತಡವಾಗಿ. ತೆಳು ಚಹಾದ ಬಣ್ಣ, ತಳದಲ್ಲಿ ಚಿಟಿಕೆ ಮಣ್ಣು.

ಈ ದರಕು, ಗರಿಕೆ, ಹೊಲದಲ್ಲಿ ಹಬ್ಬಿದ ಹುರುಳಿ, ಎಲ್ಲಕ್ಕೂ ಸೇರಿ ಒಂದು ಪದ ಬೇಕು. ‘ಮುಚ್ಚಿಗೆ’ ಚೆಂದ, ಆದರೆ ಅದು ನಾವು ಹಾಸಿದ್ದು. ತಾನಾಗಿ ಬೆಳೆದದ್ದಕ್ಕೆ ಒಗ್ಗದು. ‘ನೆಲಹೊದಿಕೆ’ಯತ್ತ ನನ್ನ ಒಲವು. ನೆಲಹಾಸಿನ ಜತೆ ಗೊಂದಲವಾಗದಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಇನ್ನು ‘ನೀರಿನ ಗುಣಮಟ್ಟ’. ಅದನ್ನು ಬಿಟ್ಟು ಕೆನ್ನೀರು, ಬಗ್ಗಡ, ತಿಳಿನೀರು ಎಂದೇ ಬರೆಯೋಣವೆಂದುಕೊಂಡಿದ್ದೆ. ಗೊಬ್ಬರದ ರಂಜಕ (ಫಾಸ್ಫರಸ್) ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆರೆ ಸೇರುತ್ತದೆ, ಕೆನ್ನೀರು ಕಂಡರೆ ಅದೂ ಬಂತೆಂದು ಊಹಿಸಬಹುದು. ನೈಟ್ರೇಟ್ ಹಾಗಲ್ಲ, ಕರಗಿ ಬರುತ್ತದೆ, ತಿಳಿನೀರಿನಲ್ಲೂ ಇರುತ್ತದೆ. ಹಾಗಾಗಿ ‘ತಿಳಿನೀರು’ ಎಂದರೆ ಒಳ್ಳೆಯ ನೀರು ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ಮೊದಲ ಮಳೆಯ ಕೆನ್ನೀರು ಹೊಳೆಗಿಳಿದಾಗ ನಮ್ಮಲ್ಲಿ ‘ಹೊಸನೀರು ಬಂತು’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಇದಕ್ಕೆ ಬೇರೆ ಹೆಸರಿದೆಯೆ?