ಸಹಾಯ ಬೇಕು: ಸಾಸ್‌ಗೆ ಹಾಕಿದ ಕೂಡಲೇ ಗೋಬಿ ಮೆತ್ತಗಾಗುತ್ತದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಶನಿವಾರ ಸಂಜೆ ಅಂದರೆ ಗೋಬಿ ಮಂಚೂರಿ. ಮೊದಲು ಗಾಡಿಯಿಂದ ಪಾರ್ಸಲ್ ತರುತ್ತಿದ್ದೆವು. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿದ ಮೇಲೆ ಮನೆಯಲ್ಲೇ ಮಾಡುತ್ತಿದ್ದೇನೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಸಾಕು, ಚೆನ್ನಾಗಿ ಕೆಂಪಾಗುತ್ತದೆ.

ತೊಂದರೆ ಇರುವುದು ಗರಿಗರಿಯಲ್ಲಿ. ಹೂಕೋಸನ್ನು ಉಪ್ಪು ಹಾಕಿದ ಬಿಸಿನೀರಲ್ಲಿ ಎರಡು ನಿಮಿಷ ಬಿಟ್ಟು, ಬಟ್ಟೆ ಮೇಲೆ ಹರಡಿ ಒಣಗಿಸುತ್ತೇನೆ. ಮೈದಾ, ಕಾರ್ನ್‌ಫ್ಲೋರ್ ಸಮಸಮ. ಎರಡು ಸಲ ಕರಿದೂ ನೋಡಿದೆ. ಬಾಣಲೆಯಿಂದ ತೆಗೆದಾಗ ಗರಿಗರಿಯಾಗೇ ಇರುತ್ತದೆ. ಆದರೆ ಈರುಳ್ಳಿ, ಕ್ಯಾಪ್ಸಿಕಂ, ಸೋಯಾ ಸಾಸ್ ಜೊತೆ ಕಲಸಿ ತಟ್ಟೆಗೆ ಹಾಕುವಷ್ಟರಲ್ಲಿ ಮೇಲಿನ ಪದರ ಬಿಟ್ಟುಕೊಂಡು ಮುದ್ದೆಯಾಗಿರುತ್ತದೆ. ಮಗಳು ಮುಖ ಸಣ್ಣದು ಮಾಡಿಕೊಂಡು, "ಅಮ್ಮಾ, ಗಾಡಿಯದ್ದು ಹೀಗಿರಲ್ಲ ಅಲ್ವಾ?" ಅಂತಾಳೆ. ಅತ್ತೆ ಏನೂ ಹೇಳದೆ ಸುಮ್ನೆ ತಿನ್ನುತ್ತಾರೆ, ಅದು ಇನ್ನೂ ಬೇಜಾರು.

ಅಕ್ಕಿ ಹಿಟ್ಟು ಸೇರಿಸಿ ಅಂತ ಕೆಲವರು, ಬೇಡ, ಗಟ್ಟಿಯಾಗುತ್ತದೆ ಅಂತ ಕೆಲವರು. ಅರ್ಧ ಕೆಜಿ ಹೂಕೋಸಿಗೆ ಯಾವ ಹಿಟ್ಟು ಎಷ್ಟು ಚಮಚ ಹಾಕಬೇಕು? ಸಾಸ್‌ನಲ್ಲಿ ನೀರು ಪೂರ್ತಿ ಬತ್ತಿದ ಮೇಲೆ ಗೋಬಿ ಹಾಕಬೇಕಾ, ಸ್ವಲ್ಪ ಇರುವಾಗಲೇನಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.